ಯೆಲ್ಲೋಸ್ಟೋನ್ ಒಳಗೆ ಆರ್‌ವಿಲಿ 4 ರಾತ್ರಿ, ಅಪ್ಪ ಅಮ್ಮನೂ ಜೊತೆಗೆ: ಫಿಶಿಂಗ್ ಬ್ರಿಡ್ಜ್ ಬೇಕಾ ಬೇಡ್ವಾ?

ಪ್ರಶ್ನೆ: ನಾವಿರೋದು ಡೆನ್ವರ್‌ನಲ್ಲಿ. ಸಕಲೇಶಪುರದಿಂದ ಅಪ್ಪ ಅಮ್ಮ ಬಂದು ಒಂದು ತಿಂಗಳಾಯ್ತು, ಅಪ್ಪಂಗೆ 71, ಅಮ್ಮಂಗೆ 65. ಮಕ್ಕಳಿಬ್ಬರು, 9 ಮತ್ತು 5 ವರ್ಷ. ಜುಲೈನಲ್ಲಿ 28 ಅಡಿ ಕ್ಲಾಸ್ ಸಿ ಆರ್‌ವಿ (ಹಾಸಿಗೆ, ಅಡುಗೆಮನೆ, ಟಾಯ್ಲೆಟ್ ಎಲ್ಲಾ ಒಳಗೇ ಇರೋ ಮನೆಗಾಡಿ) ಬಾಡಿಗೆಗೆ ತಗೊಂಡು ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್‌ಗೆ ಹೋಗ್ತಿದ್ದೀವಿ. ಯಾರೋ ಕ್ಯಾನ್ಸಲ್ ಮಾಡಿದ ಸೈಟ್ (ಗಾಡಿ ನಿಲ್ಲಿಸೋ ಜಾಗ) ಸಿಕ್ಕಿ ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್‌ನಲ್ಲಿ 4 ರಾತ್ರಿ ಬುಕ್ ಆಗಿದೆ. ಆದ್ರೆ ಹೋಗಿ ಬಂದ ಫ್ರೆಂಡ್ಸ್ ಅದು ಬರೀ ಪಾರ್ಕಿಂಗ್ ಲಾಟ್ ತರ, ಪಕ್ಕದವರ ಕಿಟಕಿ ನಮ್ಮ ಕಿಟಕಿಗೆ ತಾಗತ್ತೆ ಅಂತಾರೆ. ಕ್ಯಾನ್ಸಲ್ ಮಾಡಿ ಹೊರಗೆ ವೆಸ್ಟ್ ಯೆಲ್ಲೋಸ್ಟೋನ್ ಊರಲ್ಲಿ ಇರೋದಾ? ಅಮ್ಮ ಒಗ್ಗರಣೆ ಹಾಕಿದ್ರೆ ಕರಡಿ ಬರತ್ತಾ? ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡೋದು ಅಂದ್ರೆ ನಂಗೆ ಈಗ್ಲೇ ಭಯ.

ಉತ್ತರ: ಕ್ಯಾನ್ಸಲ್ ಮಾತ್ರ ಮಾಡಬೇಡಿ. ಜುಲೈಗೆ ಅಲ್ಲಿ ಸೈಟ್ ಸಿಗೋದು ಅಂದ್ರೆ ಜನ ಹತ್ತಿರ ಹತ್ತಿರ ಒಂದು ವರ್ಷ ಮುಂಚೆನೇ ಕಾದು ಕೂತು ಬುಕ್ ಮಾಡೋ ವಿಷಯ, ನಿಮಗೆ ಕೈಗೆ ಬಂದಿದೆ.

ನಾನು ಆರ್‌ವಿ ಬಾಡಿಗೆ ಕೊಡೋ ಜಾಗದಲ್ಲಿ 14 ವರ್ಷ ಕೆಲಸ ಮಾಡಿದ್ದೀನಿ, ಕೀ ಕೊಡೋ ಮುಂಚೆ ಒಂದು ಗಂಟೆ ಗಾಡಿ ಪೂರ್ತಿ ತೋರಿಸಿ ಕೊಡ್ತಾರಲ್ಲ, ಆ ಕೆಲಸ. ಫಿಶಿಂಗ್ ಬ್ರಿಡ್ಜ್‌ನಲ್ಲಿ ನಾವೇ ಆರು ಸಲ ಉಳಿದಿದ್ದೀವಿ, ಎರಡು ಸಲ ಅತ್ತೆ ಮಾವನ್ನ ಕರ್ಕೊಂಡು. ನಿಮ್ಮ ಫ್ರೆಂಡ್ಸ್ ಹೇಳಿದ್ದು ಸುಳ್ಳಲ್ಲ. 300ಕ್ಕೂ ಹೆಚ್ಚು ಸೈಟು, ಸಾಲಾಗಿ, ಒತ್ತೊತ್ತಾಗಿ. ಪಕ್ಕದವರು ಬಾಗಿಲು ಹಾಕಿದ್ರೆ ನಿಮಗೆ ಕೇಳತ್ತೆ. ಕಾಡಿನ ಮಧ್ಯೆ ಒಂದೇ ಗಾಡಿ, ಪಕ್ಕದಲ್ಲಿ ತೊರೆ ಅಂತ ಅಮ್ಮಂಗೆ ಹೇಳಿಟ್ಟಿದ್ರೆ ಈಗ್ಲೇ ಸರಿ ಮಾಡಿ ಹೇಳಿ, ಅಲ್ಲಿ ಹೋಗಿ ಬೇಜಾರಾಗೋದು ಬೇಡ. ಆದ್ರೆ ಇಡೀ ಯೆಲ್ಲೋಸ್ಟೋನ್ ಒಳಗೆ ನೀರು, ಕರೆಂಟು, ಸೂಯರ್ (ಕೊಳಚೆ ಪೈಪು) ಮೂರೂ ಸೈಟ್‌ಗೇ ಬರೋ ಕ್ಯಾಂಪ್‌ಗ್ರೌಂಡ್ ಇದೊಂದೇ. ಆರು ಜನ, ಅದರಲ್ಲಿ ಇಬ್ಬರು ವಯಸ್ಸಾದವರು, ಒಂದೇ ಟಾಯ್ಲೆಟ್ಟು, ಈ ಲೆಕ್ಕದಲ್ಲಿ ನೋಡಿ. ವೆಸ್ಟ್ ಯೆಲ್ಲೋಸ್ಟೋನ್ ಊರಲ್ಲೂ ಒಳ್ಳೆ ಆರ್‌ವಿ ಪಾರ್ಕ್‌ಗಳಿವೆ, ಊಟ ತಿಂಡಿಗೆ ಹೋಟೆಲ್ ಇವೆ, ಸಾವಿರ ಅಡಿ ತಗ್ಗಲ್ಲೂ ಇದೆ, ಆದ್ರೆ ದಿನಾ ಬೆಳಗ್ಗೆ ಪಾರ್ಕ್‌ನ ಎಲ್ಲಕ್ಕಿಂತ ರಶ್ ಇರೋ ಗೇಟ್ ಮುಂದೆ ಕ್ಯೂ ನಿಂತು, ಅಲ್ಲಿಂದ ಮ್ಯಾಡಿಸನ್ ಜಂಕ್ಷನ್‌ಗೆ 14 ಮೈಲಿ ಓಡಿಸಿ, ಆಮೇಲೆ ನೋಡೋದು ಶುರು. ಒಳಗಿದ್ರೆ ಬೆಳಗ್ಗೆ ಐದೂವರೆಗೆ ನೀವು ಆಗ್ಲೇ ಪ್ರಾಣಿಗಳು ಮೇಯೋ ಹೇಡನ್ ವ್ಯಾಲಿಲಿ ಇರ್ತೀರಿ. ನೀವು ಆ ಸೈಟ್‌ಗೆ ಕೊಡೋ ದುಡ್ಡು ಮರದ ನೆರಳಿಗೆ ಅಲ್ಲ, ಆ ಬೆಳಗಿನ ಹೊತ್ತಿಗೆ.

ಈ ಹೊತ್ತಿನ ವಿಷಯ ಸ್ವಲ್ಪ ಒತ್ತಿ ಹೇಳ್ತೀನಿ ಯಾಕಂದ್ರೆ ಜನ ಇಲ್ಲೇ ಎಡವೋದು. 2021ರ ಜುಲೈ ಒಂದೇ ತಿಂಗಳಲ್ಲಿ ಯೆಲ್ಲೋಸ್ಟೋನ್‌ಗೆ 10 ಲಕ್ಷಕ್ಕೂ ಹೆಚ್ಚು ಜನ ಬಂದಿದ್ರು. ಇಷ್ಟೂ ಜನ ನೋಡೋ ಜಾಗ ಹೆಚ್ಚುಕಮ್ಮಿ ಒಂದೇ ಹತ್ತು ಹನ್ನೆರಡು, ಇಷ್ಟೂ ಜನ ಬರೋ ಟೈಮೂ ಒಂದೇ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ನಾಲ್ಕು. ಅದನ್ನ ಬಿಟ್ಟು ಉಳಿದ ಹೊತ್ತು ನಿಮ್ಮದು ಮಾಡ್ಕೊಳ್ಳಿ. ಸೂರ್ಯ ಹುಟ್ಟೋ ಹೊತ್ತಿಗೆ ಹೊರಟು ಹನ್ನೊಂದಕ್ಕೆ ವಾಪಸ್ ಬಂದು, ಅನ್ನ ಸಾರು ಉಂಡು, ಅಪ್ಪ ಅಮ್ಮ ಒಂದು ನಿದ್ದೆ ತೆಗೀಲಿ, ಮಕ್ಕಳು ಪಕ್ಕದ ಯೆಲ್ಲೋಸ್ಟೋನ್ ಕೆರೆ ಹತ್ರ ಆಡ್ಕೊಳ್ಳಲಿ, ಸಂಜೆ ನಾಲ್ಕೂವರೆ ಐದಕ್ಕೆ ಮತ್ತೆ ಹೊರಡಿ, ಜುಲೈನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರತ್ತೆ. ಹೊರಗಿನ ಊರಲ್ಲಿ ಉಳ್ಕೊಂಡ್ರೆ ಈ ಮಧ್ಯಾಹ್ನದ ನಿದ್ದೆ ಅನ್ನೋದೇ ಇಲ್ಲ, 71 ವರ್ಷದೋರು ಇಡೀ ದಿನ ಸೀಟಲ್ಲಿ ಕೂತಿರಬೇಕು.

ಇದಕ್ಕೆ ಒಂದು ಶರತ್ತು: ನಿಮ್ಮ ಕಾರೂ ಬರಲಿ. ಖರ್ಚು ಅನ್ಸತ್ತೆ, ಗೊತ್ತು. ಆದ್ರೆ ಆರ್‌ವಿ ಒಂದನ್ನೇ ತಗೊಂಡು ಹೋದ್ರೆ ಪ್ರತಿ ಸಲ ಹೊರಗೆ ಹೋಗೋವಾಗ ಕರೆಂಟ್ ತೆಗಿ, ನೀರು ತೆಗಿ, ಪೈಪ್ ತೆಗಿ, ಪಾತ್ರೆ ಎಲ್ಲಾ ಒಳಗಿಡು, ಬಂದ ಮೇಲೆ ಮತ್ತೆ ಲೆವೆಲ್ ಮಾಡು, ಎರಡನೇ ದಿನಕ್ಕೆ ಬೆಳಗ್ಗೆ ಐದೂವರೆ ಪ್ಲಾನ್ ಒಂಬತ್ತಾಗತ್ತೆ. ಅಲ್ದೆ ಫೈರ್‌ಹೋಲ್ ಕ್ಯಾನಿಯನ್ ಡ್ರೈವ್, ಫೈರ್‌ಹೋಲ್ ಲೇಕ್ ಡ್ರೈವ್, ಮ್ಯಾಮತ್‌ನ ಅಪ್ಪರ್ ಟೆರೇಸ್ ಡ್ರೈವ್, ಇಲ್ಲೆಲ್ಲಾ ಆರ್‌ವಿ ಬಿಡೋದೇ ಇಲ್ಲ, ಮಿಡ್‌ವೇ ಗೀಸರ್ ಬೇಸಿನ್ ಪಾರ್ಕಿಂಗ್‌ನಲ್ಲಿ 28 ಅಡಿ ಗಾಡಿಗೆ ಜಾಗ ಹುಡುಕೋದು ಅಂದ್ರೆ ಬೆವರು ಇಳಿಯತ್ತೆ. ಗಂಡ ಹೆಂಡತಿಲಿ ಒಬ್ಬರು ಆರ್‌ವಿ, ಇನ್ನೊಬ್ಬರು ಕಾರು. ಆರು ಜನ ಹಿಡಿಯೋ ಕಾರಾದ್ರೆ ಅಲ್ಲಿಗೆ ಹೋದ ಮೇಲೆ ಆರ್‌ವಿ ಅಲುಗಾಡಿಸೋದೇ ಬೇಡ, ಅದು ಮನೆ, ಕಾರು ಕಾರು.

ದಾರಿ: ಡೆನ್ವರ್‌ನಿಂದ ಐ-25 ಹಿಡಿದು ಕ್ಯಾಸ್ಪರ್, ಅಲ್ಲಿಂದ ಶೋಶೋನಿ, ವಿಂಡ್ ರಿವರ್ ಕ್ಯಾನಿಯನ್ ಮೂಲಕ ಥರ್ಮೊಪೊಲಿಸ್, ಆಮೇಲೆ ಕೋಡಿ, ಈಸ್ಟ್ ಗೇಟ್. ಒಂದೇ ದಿನದಲ್ಲಿ ಹೊಡೀಬೇಡಿ. ಥರ್ಮೊಪೊಲಿಸ್‌ನಲ್ಲೋ ಕೋಡಿಲೋ ಒಂದು ರಾತ್ರಿ ಹಾಕಿ, ಥರ್ಮೊಪೊಲಿಸ್‌ನಲ್ಲಿ ಬಿಸಿನೀರಿನ ಬುಗ್ಗೆಯ ಸ್ನಾನದ ಮನೆ ಇದೆ, ದುಡ್ಡಿಲ್ಲ, ಮಂಡಿನೋವು ಇರೋ ಅಮ್ಮಂದಿರಿಗೆ ಬಹಳ ಇಷ್ಟ ಆಗತ್ತೆ. ತರಕಾರಿ, ಹಾಲು, ಮೊಸರು ಕೋಡಿಲೇ ತುಂಬಿಸ್ಕೊಳ್ಳಿ, ಅದೇ ಕೊನೆಯ ದೊಡ್ಡ ಊರು. ಈಸ್ಟ್ ಗೇಟಿಂದ ಒಳಗೆ 27 ಮೈಲಿ, ಮಧ್ಯೆ ಸಿಲ್ವನ್ ಪಾಸ್, 8,524 ಅಡಿ. ಹತ್ತೋವಾಗ ಗಾಡಿ ಏದುಸಿರು ಬಿಡತ್ತೆ ಅಷ್ಟೆ, ಹೆದರ್ಬೇಡಿ. ಎಚ್ಚರ ಬೇಕಿರೋದು ವಾಪಸ್ ಬರೋವಾಗ ಇಳಿಜಾರಲ್ಲಿ. ಶಿರಾಡಿ ಘಾಟಲ್ಲಿ ಲಾರಿಯವ್ರು ಏನ್ ಮಾಡ್ತಾರೆ ಅಂತ ಅಪ್ಪನ್ನ ಕೇಳಿ, ಹತ್ತಿದ ಗೇರಲ್ಲೇ ಇಳೀಬೇಕು, ಅದೇ ಇಲ್ಲೂ. ಟೋ-ಹಾಲ್ ಬಟನ್ (ಇಳಿಜಾರಲ್ಲಿ ಇಂಜಿನ್ನೇ ಗಾಡಿ ಹಿಡಿಯೋ ಹಾಗೆ ಮಾಡೋದು) ಇದ್ರೆ ಒತ್ತಿ, ಗೇರ್ ಕೆಳಗಿಳಿಸಿ, ಬ್ರೇಕ್ ಮೇಲೆ ಕಾಲು ಇಟ್ಕೊಂಡೇ ಇರ್ಬೇಡಿ.

ಇನ್ನು ಎತ್ತರ. ಕ್ಯಾಂಪ್‌ಗ್ರೌಂಡ್ ಇರೋದೇ ಸುಮಾರು 7,800 ಅಡಿ ಮೇಲೆ, ಅಂದ್ರೆ ನಮ್ಮ ಮುಳ್ಳಯ್ಯನಗಿರಿ ತುದಿಗಿಂತ ಹದಿನಾಲ್ಕು ಹದಿನೈದು ನೂರು ಅಡಿ ಎತ್ತರದಲ್ಲಿ ನೀವು ಮಲಗ್ತಿದ್ದೀರಿ. ಅಪ್ಪ ಅಮ್ಮ ಒಂದು ತಿಂಗಳಿಂದ ಡೆನ್ವರ್‌ನಲ್ಲಿ ಇರೋದು ದೊಡ್ಡ ಅನುಕೂಲ, 5,280 ಅಡಿಗೆ ಮೈ ಆಗ್ಲೇ ಹೊಂದ್ಕೊಂಡಿದೆ. ಆದ್ರೂ ಹೊರಡೋ ಮುಂಚೆ ಅಪ್ಪನ ಬಿಪಿ, ಹಾರ್ಟ್ ಮಾತ್ರೆ ಬಗ್ಗೆ ಡಾಕ್ಟರ್ ಹತ್ರ ಒಂದ್ಸಲ ಮಾತಾಡಿ, ಮೊದಲ ದಿನ ಎಲ್ಲೂ ಸುತ್ತಬೇಡಿ, ನೀರು ಜಾಸ್ತಿ ಕುಡೀಲಿ. ನಮ್ಮ ಮಾವ ಮೊದಲ ರಾತ್ರಿ ತಲೆನೋವು ಅಂತ ಎದ್ದು ಕೂತಿದ್ರು, ನಮಗೆ ತೊಂದ್ರೆ ಆಗಬಾರ್ದು ಅಂತ ಬೆಳಗಿನವರೆಗೂ ಹೇಳಲೇ ಇಲ್ಲ. ನಮ್ಮ ಹಿರಿಯರು ಹಾಗೇನೇ, ಅದಕ್ಕೆ ನೀವೇ ಕೇಳ್ತಾ ಇರಿ. ತಲೆನೋವಿನ ಜೊತೆ ಕೂತಲ್ಲೇ ಉಸಿರು ಹತ್ತಿದ್ರೆ ಕಾಯಬೇಡಿ, ಬೇಸಿಗೆಲಿ ಲೇಕ್ ವಿಲೇಜ್‌ನಲ್ಲಿ ಕ್ಲಿನಿಕ್ ಇರತ್ತೆ, ಕ್ಯಾಂಪ್‌ನಿಂದ ಕಾರಲ್ಲಿ ಕೆಲವೇ ನಿಮಿಷ. ರಾತ್ರಿ ಚಳಿ ಜುಲೈನಲ್ಲೂ 4-5 ಡಿಗ್ರಿಗೆ ಇಳಿಯತ್ತೆ, ಸ್ವೆಟರು, ಕಿವಿಗೆ ಟೋಪಿ, ಕಾಲುಚೀಲ ಮರೀಬೇಡಿ. ಹಿಂದಿನ ದೊಡ್ಡ ಹಾಸಿಗೆ ಅವರಿಗೆ ಕೊಡಿ, ಡ್ರೈವರ್ ತಲೆ ಮೇಲಿನ ಅಟ್ಟದಲ್ಲಿ ನೀವು ಮಲಗಿ, ಅಲ್ಲಿಗೆ ವಯಸ್ಸಾದೋರನ್ನ ಹತ್ತಿಸೋದು ಬೇಡ.

ಅಡುಗೆಗೆ ಬರ್ತೀನಿ, ಅಮ್ಮಂಗೆ ಓದಿ ಹೇಳಿ. ಬೆಂಗಳೂರಲ್ಲಿ ನೀರು ಕುದಿಯೋದು ಸುಮಾರು 97 ಡಿಗ್ರಿಗೆ, ಡೆನ್ವರ್‌ನಲ್ಲಿ 95, ಅಲ್ಲಿ 92. ಬೇಳೆ ಬರೀ ಪಾತ್ರೆಲಿ ನುಣ್ಣಗಾಗೋಕೆ ತುಂಬಾ ಹೊತ್ತು ಹಿಡಿಯತ್ತೆ, ಕುಕ್ಕರ್ ಇಲ್ದೆ ಹೋಗಲೇಬೇಡಿ, ಕುಕ್ಕರ್‌ಗೂ ಒಂದೆರಡು ಕೂಗು ಜಾಸ್ತಿ. ಆರ್‌ವಿ ಬರ್ನರ್ ಉರಿ ಸಣ್ಣದು, ಸಣ್ಣ ಕುಕ್ಕರ್ ತಗೊಳ್ಳಿ. ಇಡ್ಲಿ ಹಿಟ್ಟು ಆ ಚಳಿಗೆ ಹುಳಿ ಬರಲ್ಲ, ಅಕ್ಕಿರೊಟ್ಟಿ, ಉಪ್ಪಿಟ್ಟು, ಅವಲಕ್ಕಿ ಒಗ್ಗರಣೆ, ಪುಳಿಯೋಗರೆ ಗೊಜ್ಜು, ಇಷ್ಟಿದ್ರೆ ನಾಲ್ಕು ದಿನ ಆರಾಮ. ಕರೆಂಟಿನ ಲೆಕ್ಕನೂ ಇಟ್ಕೊಳ್ಳಿ: ಬಾಡಿಗೆ ಕ್ಲಾಸ್ ಸಿ ಗಾಡಿಗಳು ಸಾಮಾನ್ಯವಾಗಿ 30 ಆಂಪ್, ಅಂದ್ರೆ ಒಟ್ಟು 3,600 ವಾಟ್. ಇಂಡಕ್ಷನ್ 1,800, ರೂಮ್ ಹೀಟರ್ 1,500, ಜೊತೆಗೆ ಮೈಕ್ರೋವೇವ್ ಹಾಕಿದ್ರೆ ಬ್ರೇಕರ್ ಬಿತ್ತು ಅಂತಲೇ. ಒಂದು ಸಲಕ್ಕೆ ಒಂದೇ ದೊಡ್ಡ ಐಟಂ. ಫ್ರಿಜ್ ಗ್ಯಾಸ್ ಮತ್ತು ಕರೆಂಟ್ ಎರಡರಲ್ಲೂ ಓಡೋದಾದ್ರೆ ಸೈಟಲ್ಲಿ ಕರೆಂಟಿಗೇ ಹಾಕಿ, ಆ ಎತ್ತರದಲ್ಲಿ ಗ್ಯಾಸ್ ಉರಿ ಸರಿಯಾಗಿ ನಿಲ್ಲಲ್ಲ, ಹಾಲು ಮೊಸರು ಕೆಡತ್ತೆ. ಅಂಥ ಫ್ರಿಜ್‌ಗೆ ಗಾಡಿ ಸಮತಟ್ಟಾಗೂ ನಿಂತಿರಬೇಕು, ಚಕ್ರದ ಕೆಳಗೆ ಇಡೋ ಲೆವೆಲಿಂಗ್ ಬ್ಲಾಕ್ ಕೇಳಿ ಇಸ್ಕೊಳ್ಳಿ.

ಒಗ್ಗರಣೆಗೆ ಕರಡಿ ಬರತ್ತಾ? ಆ ಜಾಗ ನಿಜವಾಗ್ಲೂ ಗ್ರಿಜ್ಲಿ (ದೊಡ್ಡ ಕಂದು ಕರಡಿ) ಓಡಾಡೋ ಜಾಗ. ಕೆರೆಯಿಂದ ನದಿ ಹೊರಡೋದು ಅಲ್ಲೇ, ಮೀನು ಮೊಟ್ಟೆ ಇಡೋಕೆ ತೊರೆಗಳಿಗೆ ಹತ್ತತ್ತೆ, ಅದನ್ನ ತಿನ್ನೋಕೆ ಕರಡಿ ಬರತ್ತೆ, ಇದು ನಾವು ಹೋಗೋಕ್ಕಿಂತ ಎಷ್ಟೋ ಮುಂಚಿನಿಂದ ನಡ್ಕೊಂಡು ಬಂದಿರೋದು. ಅದಕ್ಕೇ ಅಲ್ಲಿ ಗಟ್ಟಿ ಗೋಡೆ ಇರೋ ಗಾಡಿಗೆ ಮಾತ್ರ ಪರ್ಮಿಶನ್, ಟೆಂಟ್ ಇಲ್ಲ, ಬಟ್ಟೆ ಗೋಡೆಯ ಪಾಪ್-ಅಪ್ ಟ್ರೇಲರ್ರೂ ಇಲ್ಲ. ಒಳಗೆ ಕೂತು ಫ್ಯಾನ್ ಹಾಕಿ ಒಗ್ಗರಣೆ ಹಾಕ್ಕೊಳ್ಳಿ, ಅದಕ್ಕೆ ಯಾವ ಅಡ್ಡಿನೂ ಇಲ್ಲ, 300 ಗಾಡಿಲೂ ಏನೋ ಒಂದು ಬೇಯ್ತಾ ಇರತ್ತೆ. ತೊಂದ್ರೆ ಆಗೋದು ಹೊರಗೆ ಬಿಟ್ಟಿದ್ದರಿಂದ. ಕೂಲರ್, ತೊಳೆಯದ ಕುಕ್ಕರ್, ಮಗು ಅರ್ಧ ತಿಂದ ಬಿಸ್ಕೆಟ್, ಕಸದ ಚೀಲ, ಎಣ್ಣೆ ಬಾಟ್ಲು, ಸೋಪು ಕೂಡ, ಯಾವುದೂ ಐದು ನಿಮಿಷಕ್ಕೂ ಹೊರಗೆ ಬೇಡ. ಒಂದ್ಸಲ ನಮ್ಮ ಅತ್ತೆ ಬೆಳಗ್ಗೆ ತೊಳೆಯೋಣ ಅಂತ ಕುಕ್ಕರ್‌ನ ಮೆಟ್ಟಿಲ ಕೆಳಗೆ ಇಟ್ಟು ಬಂದಿದ್ರು, ಊರಲ್ಲಿ ಹಿತ್ತಲಲ್ಲಿ ಇಡೋ ಹಾಗೆ. ರಾತ್ರಿ ಹತ್ತಕ್ಕೆ ಪಕ್ಕದ ಸೈಟಿನ ಅಜ್ಜಿ ಬಂದು ಬಾಗಿಲು ತಟ್ಟಿ, ಕೋಪ ಮಾಡ್ಕೊಳ್ದೆ, ಕರಡಿಗೆ ಒಂದ್ಸಲ ಮನುಷ್ಯರ ಊಟದ ರುಚಿ ಹತ್ತಿದ್ರೆ ಕೊನೆಗೆ ಸಾಯೋದು ಕರಡಿನೇ ಅಂತ ಹೇಳಿ ಹೋದ್ರು. ಅತ್ತೆಗೆ ಕಣ್ಣಲ್ಲಿ ನೀರು ಬಂತು. ಅವತ್ತಿಂದ ಮಲಗೋ ಮುಂಚೆ ಟಾರ್ಚ್ ಹಿಡ್ಕೊಂಡು ಗಾಡಿ ಸುತ್ತ ಒಂದು ಸುತ್ತು ಬರ್ತಿದ್ದಿದ್ದು ಅವರೇ.

ಬೇರ್ ಸ್ಪ್ರೇ (ಕರಡಿ ಮೈಮೇಲೆ ಬಂದ್ರೆ ಹೊಡೆಯೋ ಖಾರದ ಸ್ಪ್ರೇ) ತಗೊಳ್ಳಿ, ನಡೆಯೋಕೆ ಹೋದಾಗ ಸೊಂಟದಲ್ಲಿರಲಿ, ಬ್ಯಾಗ್ ತಳದಲ್ಲಲ್ಲ. ಗಾಡಿ ಒಳಗೆ ಮಕ್ಕಳ ಕೈಗೆ ಸಿಗಬಾರ್ದು, ಮುಚ್ಚಿದ ಜಾಗದಲ್ಲಿ ಅದು ಹಾರಿದ್ರೆ ಗತಿ ಇಲ್ಲ. ಕರಡಿ, ತೋಳದಿಂದ 100 ಗಜ, ಬೈಸನ್ (ಅಲ್ಲಿನ ಕಾಡೆಮ್ಮೆ), ಎಲ್ಕ್ (ದೊಡ್ಡ ಜಿಂಕೆ) ಇವುಗಳಿಂದ 25 ಗಜ ದೂರ ಇರ್ಬೇಕು ಅನ್ನೋದು ಪಾರ್ಕ್ ಕಾನೂನು. ನಿಜ ಹೇಳ್ಬೇಕಂದ್ರೆ ನಂಗೆ ಕರಡಿಗಿಂತ ಬೈಸನ್ ಭಯ ಜಾಸ್ತಿ. ಯೆಲ್ಲೋಸ್ಟೋನ್‌ನಲ್ಲಿ ಬೇರೆ ಯಾವ ಪ್ರಾಣಿಗಿಂತ ಹೆಚ್ಚು ಜನಕ್ಕೆ ಗಾಯ ಮಾಡಿರೋದು ಅದೇ, ಯಾಕಂದ್ರೆ ಎಮ್ಮೆ ಹಾಗೆ ಸುಮ್ನೆ ಮೇಯ್ತಾ ಇರತ್ತೆ, ಜನ ಹತ್ರ ಹೋಗ್ತಾರೆ, ಅದು ಮನುಷ್ಯನ ಮೂರು ಪಟ್ಟು ವೇಗದಲ್ಲಿ ಓಡತ್ತೆ. ನಿಮ್ಮ ಅಪ್ಪಂಗೆ ಜಾಸ್ತಿ ಹೇಳೋದೇ ಬೇಡ, ತೋಟಕ್ಕೆ ಬರೋ ಕಾಟಿ ಇದ್ದ ಹಾಗೆ ಅನ್ನಿ, ತಕ್ಷಣ ಅರ್ಥ ಆಗತ್ತೆ, ಮೊಮ್ಮಕ್ಕಳ ಕೈ ಅವರೇ ಹಿಡ್ಕೋತಾರೆ.

ಈಗ ನಿಮ್ಮ ಟ್ಯಾಂಕಿನ ಭಯ. ಗಾಡಿ ಕೆಳಗೆ ಮೂರು ಟ್ಯಾಂಕ್: ಒಳ್ಳೆ ನೀರು, ಸಿಂಕು ಸ್ನಾನದ ಗ್ರೇ, ಟಾಯ್ಲೆಟ್ಟಿನ ಬ್ಲ್ಯಾಕ್. ಸೈಟಲ್ಲೇ ಸೂಯರ್ ಇದೆ ಅಂತ ಎಷ್ಟೋ ಜನ ಬ್ಲ್ಯಾಕ್ ವಾಲ್ವ್ ತೆಗೆದೇ ಇಡ್ತಾರೆ, ಇದೇ ಎಲ್ಲಕ್ಕಿಂತ ದೊಡ್ಡ ತಪ್ಪು. ನೀರೆಲ್ಲಾ ಹರ್ಕೊಂಡು ಹೋಗಿ ಗಟ್ಟಿ ಮಾತ್ರ ಪೈಪಿನ ಕೆಳಗೆ ಗುಡ್ಡೆ ಹಾಕ್ಕೊಂಡು ಕೂತ್ಕೊಳ್ಳತ್ತೆ, ಆಮೇಲೆ ಏನು ಮಾಡಿದ್ರೂ ಬರಲ್ಲ, ಆ ಗಾಡಿಗಳನ್ನ ವಾಪಸ್ ತಗೊಂಡು ಕ್ಲೀನ್ ಮಾಡಿದ ಕೈ ಇದು. ವಾಲ್ವ್ ಮುಚ್ಚಿರಲಿ, ಮೂರರಲ್ಲಿ ಎರಡು ಭಾಗ ತುಂಬಿದಾಗ ಗ್ಲೌಸ್ ಹಾಕ್ಕೊಂಡು ಮೊದಲು ಬ್ಲ್ಯಾಕ್ ಬಿಡಿ, ಪೂರ್ತಿ ಹೋದ ಮೇಲೆ ಗ್ರೇ ಬಿಡಿ, ಸೋಪಿನ ನೀರು ಪೈಪ್ ತೊಳ್ಕೊಂಡು ಹೋಗತ್ತೆ. ಆರು ಜನಕ್ಕೆ ದಿನಾ ನೋಡ್ಬೇಕಾಗತ್ತೆ, ಐದು ನಿಮಿಷದ ಕೆಲಸ. ನಮ್ಮವರು ಟಾಯ್ಲೆಟ್‌ನಲ್ಲಿ ನೀರು ಬಳಸೋದು ಈ ಟ್ಯಾಂಕಿಗೆ ಒಳ್ಳೇದೇ, ಚೊಂಬು ಇಡಿ, ನೀರು ಜಾಸ್ತಿ ಹೋದಷ್ಟೂ ಕಟ್ಟಿಕೊಳ್ಳಲ್ಲ, ಸೂಯರ್ ಇರೋ ಸೈಟಲ್ಲಿ ತುಂಬೋ ಚಿಂತೆನೂ ಇಲ್ಲ. ಪೇಪರ್ ಬಳಸೋರಿಗೆ ಆರ್‌ವಿ ಪೇಪರ್ರೇ ಇರಲಿ. ಸಿಂಕಿಗೆ ಎಣ್ಣೆ, ಕರಿಬೇವು, ಹುಳಿಯ ತಳ ಸುರೀಬೇಡಿ, ಕೊಬ್ಬರಿ ಎಣ್ಣೆಯಂತೂ ಆ ಚಳಿಗೆ ಪೈಪಲ್ಲೇ ಗಟ್ಟಿ ಆಗತ್ತೆ. ಪೇಪರಲ್ಲಿ ಒರೆಸಿ ಕರಡಿ ತೆಗೆಯೋಕಾಗದ ಆ ಕಬ್ಬಿಣದ ಕಸದಡಬ್ಬಿಗೆ ಹಾಕಿ. ಬಿಸಿನೀರಿನ ಟ್ಯಾಂಕ್ ಚಿಕ್ಕದು, ಒಬ್ಬರಾದ ಮೇಲೆ ಇಪ್ಪತ್ತು ನಿಮಿಷ ಬಿಟ್ಟು ಇನ್ನೊಬ್ಬರು. ಸಣ್ಣ ಬಕೆಟ್ ಚೊಂಬು ಇಟ್ಕೊಂಡ್ರೆ ಅಮ್ಮಂಗೂ ಸಮಾಧಾನ, ನೀರೂ ಉಳಿಯತ್ತೆ. ಇಲ್ಲಾಂದ್ರೆ ಕ್ಯಾಂಪ್‌ಗ್ರೌಂಡ್‌ದೇ ಶವರ್, ಲಾಂಡ್ರಿ ಇದೆ.

ಅಕ್ಕಪಕ್ಕದವರ ಜೊತೆ ಹೊಂದ್ಕೊಳ್ಳೋಕೆ ಎರಡೇ ವಿಷಯ ಅಪ್ಪ ಅಮ್ಮಂಗೆ ಹೇಳಿ. ಬೇರೆಯವರ ಸೈಟ್ ಮಧ್ಯೆ ಹಾದು ಹೋಗಬಾರ್ದು, ಅದು ಅವರ ಜಗುಲಿ ಇದ್ದ ಹಾಗೆ, ರಸ್ತೆ ಸುತ್ಕೊಂಡೇ ಹೋಗ್ಬೇಕು. ಇನ್ನೊಂದು ಫೋನು. ಅಲ್ಲಿ ರಾತ್ರಿ ಎಂಟು ಅಂದ್ರೆ ಊರಲ್ಲಿ ಬೆಳಗ್ಗೆ ಏಳೂವರೆ, ಸರಿಯಾಗಿ ಎಲ್ಲರೂ ಫೋನ್ ಮಾಡೋ ಹೊತ್ತು, ಸ್ಪೀಕರ್ ಹಾಕಿ ಹೊರಗೆ ಕೂತು ಮಾತಾಡಿದ್ರೆ ನಾಲ್ಕು ಸೈಟಿಗೆ ಕೇಳತ್ತೆ. ಪಾರ್ಕಲ್ಲಿ ಸಿಗ್ನಲ್ ಹೇಗೂ ಅಷ್ಟಕ್ಕಷ್ಟೆ, ಸಂಬಂಧಿಕರಿಗೆ ಮುಂಚೆನೇ ಹೇಳಿಬಿಡಿ ನಾಲ್ಕು ದಿನ ಸಿಗಲ್ಲ ಅಂತ, ಮ್ಯಾಪ್ ಡೌನ್‌ಲೋಡ್ ಮಾಡ್ಕೊಳ್ಳಿ.

ನೋಡೋದು ನಾಲ್ಕು ದಿನಕ್ಕೆ ತುಂಬಾ ತುರುಕಬೇಡಿ. ಒಂದು ಬೆಳಗ್ಗೆ ಹೇಡನ್ ವ್ಯಾಲಿ, ಅಲ್ಲಿಂದ ಹಾಗೇ ಕ್ಯಾನಿಯನ್, ಕ್ಯಾಂಪಿಂದ 16 ಮೈಲಿ, ಆರ್ಟಿಸ್ಟ್ ಪಾಯಿಂಟಿಂದ 308 ಅಡಿ ಜಲಪಾತ, ಹೆಚ್ಚು ನಡೀಬೇಕಿಲ್ಲ, ಏಳು ಗಂಟೆಗೆ ಹೋದ್ರೆ ಪಾರ್ಕಿಂಗ್ ಖಾಲಿ. ಒಂದು ಸಂಜೆ ಓಲ್ಡ್ ಫೇತ್‌ಫುಲ್ ಗೀಸರ್ (ಬಿಸಿನೀರು ಮೇಲಕ್ಕೆ ಚಿಮ್ಮೋ ಬುಗ್ಗೆ), ಕ್ಯಾಂಪಿಂದ 38 ಮೈಲಿ, ಸುಮಾರು ಒಂದೂವರೆ ಗಂಟೆಗೊಂದು ಸಲ ಚಿಮ್ಮತ್ತೆ, ಟೈಮ್ ಬೋರ್ಡ್ ಹಾಕಿರ್ತಾರೆ. ಬಣ್ಣಬಣ್ಣದ ದೊಡ್ಡ ಬಿಸಿನೀರಿನ ಕೊಳ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಮಾತ್ರ ಬೆಳಗ್ಗೆ ಬೇಡ, ಚಳಿಗೆ ಬರೀ ಹಬೆ, ಬಣ್ಣನೇ ಕಾಣಲ್ಲ, ಇದನ್ನ ಸಂಜೆಗೇ ಸೇರಿಸ್ಕೊಳ್ಳಿ. ಬಿಸಿನೀರಿನ ಜಾಗಗಳಲ್ಲಿ 5 ವರ್ಷದವಳೋ ಅವನೋ, ಕೈ ಬಿಡಲೇಬೇಡಿ, ಮರದ ಹಲಗೆ ದಾರಿ ಬಿಟ್ಟು ಒಂದು ಹೆಜ್ಜೆನೂ ಇಲ್ಲ, ನೆಲ ತೆಳು, ಕೆಳಗೆ ಕುದಿಯೋ ನೀರು. ಓಲ್ಡ್ ಫೇತ್‌ಫುಲ್ ದಾರೀಲಿ ಕ್ರೇಗ್ ಪಾಸ್‌ನಲ್ಲಿ ಈಸಾ ಲೇಕ್ ಅಂತ ಸಣ್ಣ ಕೊಳ ಬರತ್ತೆ, ಅದರ ಒಂದು ಕಡೆ ನೀರು ಪೆಸಿಫಿಕ್‌ಗೆ, ಇನ್ನೊಂದು ಕಡೆದು ಅಟ್ಲಾಂಟಿಕ್ ಕಡೆಗೆ. ಅಲ್ಲಿ ನಿಲ್ಲಿಸಿ ಅಪ್ಪಂಗೆ ತೋರಿಸಿ. ನಿಮ್ಮೂರ ಹತ್ರ ಬಿಸಿಲೆ ದಾರೀಲಿ ರಿಡ್ಜ್ ಕಲ್ಲಿದೆಯಲ್ಲ, ಒಂದು ಕಡೆ ಮಳೆ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಕಡೆದು ಬಂಗಾಳ ಕೊಲ್ಲಿಗೆ, ಅದರದ್ದೇ ಅಣ್ಣತಮ್ಮ. ಬಾಕಿ ಯಾವ ಗೀಸರ್ ಮರೆತ್ರೂ ಇದನ್ನ ಅವರು ಊರಿಗೆ ಹೋಗಿ ಹತ್ತು ಜನಕ್ಕೆ ಹೇಳ್ತಾರೆ. ಸಂಜೆ ಊಟಕ್ಕೆ ಮುಂಚೆ ಹಳೇ ಫಿಶಿಂಗ್ ಬ್ರಿಡ್ಜ್ ಮೇಲೆ ನಡೀರಿ, ಹೆಸರು ಹಾಗಿದ್ರೂ 1973ರಿಂದ ಅಲ್ಲಿ ಮೀನು ಹಿಡಿಯೋ ಹಾಗಿಲ್ಲ, ಕೆಳಗೆ ಟ್ರೌಟ್ ಮೀನು ನೋಡ್ತಾ ನಿಲ್ಲೋದಷ್ಟೆ.

ಗೇಟ್ ದುಡ್ಡಿನ ವಿಷಯ, ಮರೆಯೋ ಮುಂಚೆ. 2026ರ ಜನವರಿಯಿಂದ ಅಮೆರಿಕದಲ್ಲಿ ವಾಸ ಇಲ್ಲದ 16 ವರ್ಷ ಮೇಲ್ಪಟ್ಟೋರಿಗೆ 11 ದೊಡ್ಡ ಪಾರ್ಕ್‌ಗಳಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ ಫೀ ಬಂದಿದೆ, ಯೆಲ್ಲೋಸ್ಟೋನ್, ಗ್ರ್ಯಾಂಡ್ ಟೀಟನ್ ಎರಡೂ ಅದರಲ್ಲಿವೆ. ಅವರಿಗೆ ವಾರ್ಷಿಕ ಪಾಸ್ 250 ಡಾಲರ್, ಇಲ್ಲಿ ವಾಸ ಇರೋರಿಗೆ 80. ಹೊರಡೋ ವಾರ ಪಾರ್ಕ್ ಸೈಟಲ್ಲಿ ನಿಯಮ ಓದ್ಕೊಂಡು, ನಿಮ್ಮ ಐಡಿ, ಅಪ್ಪ ಅಮ್ಮನ ಪಾಸ್‌ಪೋರ್ಟ್ ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ.

ಕೊನೆ ದಿನ ಬೆಳಗ್ಗೆ ಅವಸರ ಮಾಡಬೇಡಿ, ಗಾಡಿ ಹಾಳಾಗೋದು ಹೊರಡೋ ಹೊತ್ತಲ್ಲೇ. ಮೊದಲು ಎರಡೂ ಟ್ಯಾಂಕ್ ಖಾಲಿ, ವಾಲ್ವ್ ಮುಚ್ಚಿ ಕ್ಯಾಪ್ ಹಾಕಿ, ಆಮೇಲೆ ನೀರಿನ ಪೈಪು, ಬ್ರೇಕರ್ ಆಫ್ ಮಾಡಿ ಕರೆಂಟ್ ವೈರು, ಗ್ಯಾಸ್ ಬಂದ್, ಫ್ರಿಜ್ ಬಾಗಿಲ ಲಾಕ್, ಮೇಲಿನ ಕಿಟಕಿ, ಆಂಟೆನಾ. ಅಪ್ಪಂಗೆ ಒಂದು ಚೀಟಿಲಿ ಬರೆದು ಕೊಟ್ಟು ಒಂದೊಂದೇ ಟಿಕ್ ಹಾಕೋಕೆ ಹೇಳಿ, ನಮ್ಮ ಮಾವ ಈ ಕೆಲಸನ ಯಾರಿಗೂ ಬಿಟ್ಟು ಕೊಡ್ತಿರಲಿಲ್ಲ. ಎಲ್ಲಾ ಆದ ಮೇಲೆ ಗಾಡಿ ಸುತ್ತ ಒಬ್ಬರು ಪೂರ್ತಿ ನಡೆದು ನೋಡಿ, ಹತ್ತೋ ಮೆಟ್ಟಿಲು ಒಳಗೆ ಹೋಗಿದೆಯಾ, ಚಕ್ರದ ಕೆಳಗೆ ಬ್ಲಾಕ್ ಉಳಿದಿದೆಯಾ ನೋಡ್ಕೊಂಡು ಆಮೇಲೆ ಕೀ ತಿರುಗಿಸಿ.